ಮೂರೂ ಬಲ್ಬು ಆರಿದಾಗ

ಹಾಸ್ಟೆಲಿನಲ್ಲಿ ಯಾರಿಗೂ ಸ್ವಂತ ಹೆಸರು ಇರಲಿಲ್ಲ. ಊರೇ ಹೆಸರು. ನಾನು ನಿಂಬರ್ಗಾ. ಕೋಣೆಯ ಇನ್ನಿಬ್ಬರಲ್ಲಿ ಒಬ್ಬ ಜೇವರ್ಗಿ, ಇನ್ನೊಬ್ಬ ಅಫಜಲಪುರ. ಅವರಿಬ್ಬರದೂ ತಾಲ್ಲೂಕು ಕೇಂದ್ರದಿಂದ ಬಹಳ ಒಳಗಿನ ಹಳ್ಳಿಗಳೇ. ಅಂಥ ಹಳ್ಳಿಯ ಹೆಸರು ಯಾರ ತಲೆಯಲ್ಲೂ ನಿಲ್ಲುವುದಿಲ್ಲವೆಂದು ಹುಡುಗರು ತಾವೇ ತಾಲ್ಲೂಕಿಗೆ ಬಡ್ತಿ ಕೊಟ್ಟಿದ್ದರು. ನನಗೆ ಆ ಬಡ್ತಿ ಸಿಗಲಿಲ್ಲ. ‘ಆಳಂದ’ ಎಂಬ ಪಟ್ಟದ ಮೇಲೆ ನನಗಿಂತ ಮೊದಲು ಬಂದ ಸಿವಿಲ್ ವಿಭಾಗದವನೊಬ್ಬ ಕೂತುಬಿಟ್ಟಿದ್ದ. ಹೋಬಳಿ ಊರಿನವನು ಹೋಬಳಿಯಲ್ಲೇ ಉಳಿದೆ. ಮುಂದೆ ಜೇವರ್ಗಿಯ ಮದುವೆ ಕಾರ್ಡು ಮನೆಗೆ ಬಂದಾಗ ಅದರಲ್ಲಿ ಅಚ್ಚಾಗಿದ್ದ ವರನ ಹೆಸರು ನೋಡಿ, ಇದು ಯಾರದಪ್ಪಾ ಮದುವೆ ಎಂದು ಹಿಂದೆ ಮುಂದೆ ತಿರುಗಿಸಿ ನೋಡಿದ್ದುಂಟು.

ನಾವು ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು ಸೇರಿದ್ದು 1982ರಲ್ಲಿ. ಊರು ಆಗ ಗುಲಬರ್ಗಾ, ಕಾಲೇಜು ಎಲ್ಲರ ಬಾಯಲ್ಲೂ ಪಿಡಿಎ. ಸಿಇಟಿ ಇನ್ನೂ ಹುಟ್ಟಿರಲಿಲ್ಲ. ಪಿಯುಸಿ ಅಂಕಪಟ್ಟಿ ಹಿಡಿದು ಸಾಲಿನಲ್ಲಿ ನಿಂತರೆ ಮುಗಿಯಿತು. ಯಾವ ಬ್ರಾಂಚು ಬೇಕು ಎಂದು ಕೇಳಿದಾಗ ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬಸ್ಸಿನಲ್ಲಿ ಪಕ್ಕದವರು ಹೇಳಿದ ಮಾತನ್ನು ಹಾಗೇ ಒಪ್ಪಿಸಿದ: “ಎಲೆಕ್ಟ್ರಿಕಲ್ ಬರ್ಕೋರಿ. ಕೆಇಬಿಯಾಗ ನೌಕರಿ ಸಿಗ್ತದ.” ನನ್ನ ಬದುಕಿನ ದಿಕ್ಕು ನಿರ್ಧಾರವಾದದ್ದು ಆಳಂದ ರಸ್ತೆಯ ಕೆಂಪು ಬಸ್ಸಿನಲ್ಲಿ, ಹೆಸರೂ ಗೊತ್ತಿಲ್ಲದ ಒಬ್ಬ ಪ್ರಯಾಣಿಕನಿಂದ. ಅವನು ಸಿವಿಲ್ ಒಳ್ಳೆಯದು ಅಂದಿದ್ದರೆ ಇವತ್ತು ನಾನು ಯಾವುದೋ ಕಾಲುವೆಯ ಬಗ್ಗೆ ಬರೆಯುತ್ತಿದ್ದೆ.

ಅಪ್ಪನ ಕಾಲದಲ್ಲಿ ಈ ಸೀಮೆಯ ಹುಡುಗ ಎಂಜಿನಿಯರ್ ಆಗಬೇಕೆಂದರೆ ಹೈದರಾಬಾದಿನ ರೈಲು ಹತ್ತಬೇಕಿತ್ತು. ಅಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜು 1929ರಿಂದ ಇತ್ತು, ನಿಜಾಮರ ಆಳ್ವಿಕೆ ಇರುವ ತನಕ ಪಾಠ ಉರ್ದುವಿನಲ್ಲಿ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯದೊಳಗೆ ಬಂದೆವು. ಎರಡೇ ವರ್ಷಕ್ಕೆ, 1958ರಲ್ಲಿ, ಮಹಾದೇವಪ್ಪ ರಾಂಪುರೆಯವರು ಮುಂದೆ ನಿಂತು ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯಿಂದ ಪಿಡಿಎ ಶುರುವಾಯಿತು. ನಮ್ಮ ಹಿರಿಯರ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆದ ಮೇಲೆ ನಮ್ಮದರ ಮೇಲೆ ಅದರದು. ಇದನ್ನು ಇಲ್ಲಿ ಎತ್ತಲು ಕಾರಣವಿದೆ. ಅದೇ 1980ರಲ್ಲೇ ಕಡಲ ಕಡೆ ಮಂಗಳೂರು ವಿಶ್ವವಿದ್ಯಾಲಯವೂ ಹುಟ್ಟಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ಮನೆಗೆ ಬಲ್ಬು ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಅಲ್ಲಿಯ ತನಕ ಕಂದೀಲು. ಬಲ್ಬು ಬಂದ ಮೇಲೂ ಕಂದೀಲಿನ ಗಾಜು ಒರೆಸುವ ಕೆಲಸ ತಪ್ಪಲಿಲ್ಲ, ಏಕೆಂದರೆ ಸಂಜೆ ಏಳರ ಮೇಲೆ ಬಲ್ಬು ಕೆಂಪಗಾಗಿ, ಒಳಗಿನ ತಂತಿಯನ್ನಷ್ಟೇ ತೋರಿಸುತ್ತ ನೇತಾಡುತ್ತಿತ್ತು. ಹೀಗ್ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕರೆಂಟಿನ ಗುಣವೇ ಹಾಗೆ ಎಂದು ನಂಬಿದ್ದೆವು. ಎರಡನೇ ವರ್ಷದ ಪಾಠದಲ್ಲಿ ಗೊತ್ತಾಯಿತು, ವೋಲ್ಟೇಜು ಕಾಲುಭಾಗ ಇಳಿದರೆ ಬಲ್ಬಿನ ಬೆಳಕು ಕಾಲುಭಾಗವಲ್ಲ, ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ ಎಂದು. ರಾಜ್ಯದ ಬಹುಪಾಲು ವಿದ್ಯುತ್ತು ಆಗ ಶರಾವತಿಯಂಥ ಮಲೆನಾಡಿನ ನದಿಗಳಲ್ಲಿ ಹುಟ್ಟುತ್ತಿತ್ತು. ನಾವು ಅದರ ಬಾಲದ ತುದಿಯಲ್ಲಿದ್ದೆವು. ಉದ್ದದ ತಂತಿಯಲ್ಲಿ ಕರೆಂಟು ಹರಿದಷ್ಟೂ ದಾರಿಯಲ್ಲೇ ವೋಲ್ಟೇಜು ಕರಗುತ್ತದೆ, ಮಧ್ಯೆ ಸಾಲುಸಾಲು ಪಂಪ್‌ಸೆಟ್ಟುಗಳು ಎಳೆದರೆ ಮತ್ತಷ್ಟು. ಪಾಠ ಮುಗಿದ ಮೇಲೆ ಜೇವರ್ಗಿ ನನ್ನ ಕಡೆ ತಿರುಗಿ, “ಹಂಗಾದ್ರ ನಮ್ಮೂರಿನ ಬಲ್ಬ್ ಖರೇನೇ ಕೆಂಪ ಇತ್ತೇನಪಾ? ನಾ ನನ್ನ ಕಣ್ಣ ಹೋಗ್ಯಾವಂತ ತಿಳ್ದಿದ್ದೆ” ಅಂದ.

ಪುಸ್ತಕದ ಮಾತು. ಬಿ. ಎಲ್. ತೆರಾಜಾ ಅವರ ದಪ್ಪ ಪುಸ್ತಕ ಇಲ್ಲದೆ ಆ ಕಾಲದಲ್ಲಿ ಎಲೆಕ್ಟ್ರಿಕಲ್ ಪಾಸಾದವರು ದೇಶದಲ್ಲೇ ಕಡಿಮೆ. ಹೊಸದು ಕೊಳ್ಳುವ ಶಕ್ತಿ ನಮ್ಮ ಮೂವರಲ್ಲಿ ಯಾರಿಗೂ ಇರಲಿಲ್ಲ. ಹೊರಟುನಿಂತ ಸೀನಿಯರ್ ಒಬ್ಬರಿಂದ ಹಳೆಯ ಪ್ರತಿ ಕೊಂಡು, ಬೈಂಡಿಂಗ್ ಮಾಡುವವರ ಹತ್ತಿರ ಅದನ್ನು ಮೂರು ಪಾಲು ಮಾಡಿಸಿ ಮೂರು ರಟ್ಟು ಹಾಕಿಸಿದೆವು. ಸರ್ಕಿಟ್ ಭಾಗ ನನಗೆ, ಡಿಸಿ ಮಷಿನ್ ಅಫಜಲಪುರನಿಗೆ, ಎಸಿ ಮಷಿನ್ ಜೇವರ್ಗಿಗೆ. ಪರೀಕ್ಷೆಯ ಹಿಂದಿನ ವಾರ ಪಾಲುಗಳು ಕೈ ಬದಲಾಯಿಸುತ್ತಿದ್ದವು. ಆದರೆ ಮೊದಲು ಕೈಗೆ ಬಂದ ಪಾಲೇ ಕೊನೆಯವರೆಗೂ ಅವರವರ ವಿಷಯವಾಗಿ ಉಳಿಯಿತು. ಜೇವರ್ಗಿ ಇಡೀ ಜೀವನ ಆಲ್ಟರ್ನೇಟರಿನ ಹತ್ತಿರವೇ ಕಳೆದ. ಇದನ್ನು ಹಣೆಬರಹ ಅನ್ನುವವರು ಅನ್ನಲಿ. ನಾನು ಬೈಂಡಿಂಗಿನವರ ಕತ್ತರಿಗೆ ಹೊಣೆ ಹೊರಿಸುತ್ತೇನೆ.

ನಾವು ಮೂವರೂ ಕನ್ನಡ ಮಾಧ್ಯಮದಿಂದ ಬಂದವರು. ಮೊದಲ ಕೆಲವು ತಿಂಗಳು ಇಂಗ್ಲಿಷಿನ ಪಾಠ ನಮ್ಮ ತಲೆಯ ಮೇಲಿಂದ ಹೋಗುತ್ತಿತ್ತು. ನಮ್ಮನ್ನು ದಡ ಮುಟ್ಟಿಸಿದವರು ಕಲಬುರಗಿಯ ಶಹಾಬಜಾರಿನಿಂದ ಬರುತ್ತಿದ್ದ ಸಹಪಾಠಿ. ಕ್ಲಾಸಿನಲ್ಲಿ ಹುಡುಗಿಯರೆಂದರೆ ಬೆರಳೆಣಿಕೆ. ಅವರ ಜತೆ ಎದುರು ನಿಂತು ಮಾತಾಡುವ ಧೈರ್ಯ ನಮಗಿರಲಿಲ್ಲ, ನೋಟ್ಸ್ ಕೇಳುವ ಧೈರ್ಯ ಮಾತ್ರ ಇತ್ತು. ದುಂಡಾದ ಅಕ್ಷರದ ಆ ನೋಟ್ಸಿನ ಅಂಚಿನಲ್ಲಿ ಕಷ್ಟದ ಶಬ್ದಗಳ ಅರ್ಥವನ್ನು ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಿರುತ್ತಿದ್ದರು. ಅದು ತಮಗಾಗಿ ಬರೆದುಕೊಂಡದ್ದೆಂದು ನಾವು ತಿಳಿದಿದ್ದೆವು. ಅವರು ಇಂಗ್ಲಿಷ್ ಮಾಧ್ಯಮದವರು, ಅದೆಲ್ಲ ನಮಗಾಗಿಯೇ ಬರೆದದ್ದು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಈಗ ಅವರು ಅಮೆರಿಕದಲ್ಲಿದ್ದಾರೆ, ಕಂಪ್ಯೂಟರ್ ಚಿಪ್ ತಯಾರಿಸುವ ಕಡೆ ದೊಡ್ಡ ಹುದ್ದೆ. ಫೋನಿನಲ್ಲಿ ಇವತ್ತಿಗೂ “ಏನ್ರೀ ನಿಂಬರ್ಗಾ, ಆರಾಮಿದ್ದೀರಿ?” ಎಂದೇ ಶುರು ಮಾಡುತ್ತಾರೆ.

ನಮಗಿಂತ ಒಂದೂವರೆ ದಶಕ ಮೊದಲು ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಇದೇ ಎಲೆಕ್ಟ್ರಿಕಲ್ ಓದಿದ ಸುಧಾ ಮೂರ್ತಿಯವರಿಗೆ ಅಷ್ಟೂ ಜತೆ ಇರಲಿಲ್ಲ, ಇಡೀ ಕ್ಲಾಸಿಗೆ ಅವರೊಬ್ಬರೇ. ಸೀರೆಯಲ್ಲೇ ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜತೆ ಮಾತಾಡಬಾರದು ಎಂಬ ಷರತ್ತಿನ ಮೇಲೆ ಸೀಟು ಸಿಕ್ಕಿತೆಂದು ಅವರೇ ಹೇಳಿಕೊಂಡಿದ್ದಾರೆ. ಆಮೇಲೆ 1974ರಲ್ಲಿ, ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೋ ಜಾಹೀರಾತು ನೋಡಿ ಜೆ. ಆರ್. ಡಿ. ಟಾಟಾ ಅವರಿಗೇ ಕಾರ್ಡು ಬರೆದು ಜಗಳ ತೆಗೆದು, ಅಲ್ಲೇ ಎಂಜಿನಿಯರ್ ಆದ ಕಥೆ ಎಲ್ಲರಿಗೂ ಗೊತ್ತಿದೆ. ನನಗೆ ಹತ್ತಿರವೆನಿಸುವ ಸಂಗತಿ ಬೇರೆ: ಬಿವಿಬಿಯವರ ಡಿಗ್ರಿಯ ಮೇಲೂ ಪಿಡಿಎ ಹಿರಿಯರ ಡಿಗ್ರಿಯ ಮೇಲೂ ಆಗ ಇದ್ದದ್ದು ಒಂದೇ ಧಾರವಾಡದ ಮುದ್ರೆ.

ವೈಂಡಿಂಗ್ ಡ್ರಾಯಿಂಗ್ ಎಂಬ ಒಂದು ಶಿಕ್ಷೆ ಇತ್ತು. ಮೋಟರಿನ ಒಳಗೆ ತಾಮ್ರದ ಸುರುಳಿಗಳು ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗುತ್ತವೆ ಎಂಬುದನ್ನು ಮೂರು ಬಣ್ಣದ ಶಾಯಿಯಲ್ಲಿ ಬಿಡಿಸಬೇಕು. ಒಂದು ರಜೆಯಲ್ಲಿ ಆ ಹಾಳೆಯನ್ನು ಊರಿಗೆ ಒಯ್ದಿದ್ದೆ. ಆಳಂದದ ಪೇಟೆಯಲ್ಲಿ ಮೋಟರ್ ಕಟ್ಟುವ ಒಬ್ಬ ಮುದುಕ ಕಾಕಾ ಇದ್ದರು. ನಮ್ಮ ಚಿಕ್ಕಪ್ಪನ ಐದು ಎಚ್‌ಪಿ ಮೋಟರ್ ಸುಟ್ಟಿತ್ತು, ಅದರ ಜತೆ ನಾನೂ ಹೋಗಿದ್ದೆ. ಅಂಗಡಿ ತುಂಬ ಸುಟ್ಟ ವಾರ್ನಿಶಿನ ವಾಸನೆ. ಹಾಳೆ ನೋಡಿ ಕಾಕಾ ಕನ್ನಡಕ ಏರಿಸಿದರು. “ಎಷ್ಟ ಸ್ಲಾಟ್ ಬೇಟಾ?” ಮೂವತ್ತಾರು ಅಂದೆ. “ಪೋಲ್?” ನಾಲ್ಕು. ಬೆರಳು ಮಡಚಿದರು. “ಮೂವತ್ತಾರಕ್ಕ ನಾಕು ಅಂದ್ರ ಒಂಬತ್ತು. ಒಂದನೇದ್ರಾಗ ಇಳದದ್ದು ಹತ್ತನೇದ್ರಾಗ ಏಳಬೇಕು. ಒಂಬತ್ತಕ್ಕ ಮೂರು ಫೇಸು, ಮೂರ್ಮೂರು ಸ್ಲಾಟ್ ಒಬ್ಬೊಬ್ಬರಿಗಿ. ನೀ ಇಲ್ಲಿ ಹನ್ನೊಂದಕ್ಕ ಎಬ್ಸಿದಿ.” ನೋಡಿದರೆ ಹೌದು. ಕೆಂಪು ಶಾಯಿಯ ಗೆರೆ ಹನ್ನೊಂದಕ್ಕೇ ಹತ್ತಿತ್ತು. ಕಾಕಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆ ಲೆಕ್ಕ ಅವರಿಗೆ ಬಂದದ್ದು ಸುಟ್ಟ ಮೋಟರುಗಳನ್ನು ಬಿಚ್ಚಿ ಬಿಚ್ಚಿ. ಕಾಲೇಜಿಗೆ ಮರಳಿ ಇದನ್ನು ಅಫಜಲಪುರನಿಗೆ ಹೇಳಿದೆ. ಅವನು ಮುಂದಿನ ರಜೆಯಲ್ಲಿ ತನ್ನ ಊರಿಗೆ ಹೋಗುವ ಮೊದಲು ಆಳಂದಕ್ಕೆ ಹೋಗಿ ಕಾಕಾ ಹತ್ತಿರ ಕೂತು ಬಂದ. ಒಂದು ದಿನಕ್ಕೆಂದು ಹೋದವನು ರಜೆಯೆಲ್ಲ ಅಲ್ಲೇ ಉಳಿದ.

ಈಗ ಮಷಿನ್ ಲ್ಯಾಬಿಗೆ ಬರೋಣ. ಅಲ್ಲಿ ನಮಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ ಪ್ರಯೋಗ ಸಿಂಕ್ರೊನೈಸಿಂಗ್. ಒಂದು ಕಡೆ ಹೊರಗಿನಿಂದ ಬಂದ ಸಪ್ಲೈ, ಇನ್ನೊಂದು ಕಡೆ ನಾವು ತಿರುಗಿಸುವ ಆಲ್ಟರ್ನೇಟರ್. ಇವೆರಡನ್ನು ಕೂಡಿಸಬೇಕು. ವೋಲ್ಟೇಜು ಸಮ ಇದ್ದರೆ ಸಾಲದು, ವೇಗವೂ ಸಮ ಇರಬೇಕು, ಅಲೆಯ ಏರಿಳಿತವೂ ಒಂದೇ ಗಳಿಗೆಯಲ್ಲಿ ಕೂಡಬೇಕು. ಅದನ್ನು ಕಣ್ಣಿಗೆ ತೋರಿಸಲು ನಡುವಿನ ಸ್ವಿಚ್ಚಿನ ಮೂರು ಫೇಸಿಗೂ ಅಡ್ಡಲಾಗಿ ಬಲ್ಬು ಕಟ್ಟುತ್ತಾರೆ, ಒಂದೊಂದು ಫೇಸಿಗೆ ಎರಡೆರಡು ಬಲ್ಬಿನ ಸರ, ಏಕೆಂದರೆ ಎರಡು ಕಡೆಯ ವೋಲ್ಟೇಜು ಎದುರುಬದುರಾದಾಗ ಒಂದೇ ಬಲ್ಬು ತಾಳಲಾರದು. ಆಲ್ಟರ್ನೇಟರ್ ತಿರುಗುತ್ತಿದ್ದಂತೆ ಬಲ್ಬುಗಳೆಲ್ಲ ಒಟ್ಟಿಗೆ ಉರಿಯುತ್ತವೆ, ಒಟ್ಟಿಗೆ ಆರುತ್ತವೆ. ವೇಗ ಹತ್ತಿರವಾದಷ್ಟೂ ಉರಿಯುವುದೂ ಆರುವುದೂ ನಿಧಾನ. ಪೂರ್ತಿ ಆರಿದ ಹೊತ್ತಿನಲ್ಲಿ ಸ್ವಿಚ್ ಒತ್ತಬೇಕು.

ತೊಡಕು ಏನೆಂದರೆ, ಬಲ್ಬು ಕತ್ತಲಾಗಲು ವೋಲ್ಟೇಜು ಸೊನ್ನೆಯಾಗಬೇಕೆಂದಿಲ್ಲ. ಬಹಳ ಇಳಿದರೇ ಸಾಕು, ಕಣ್ಣಿಗೆ ಆರಿದಂತೆಯೇ. ಹಾಗಾಗಿ ಆರಿದ್ದನ್ನು ನೋಡಿದ ಕೂಡಲೇ ಒತ್ತಿದರೆ ತುಸು ಮೊದಲಾಗುತ್ತದೆ, ಮತ್ತೆ ಹತ್ತಿಕೊಳ್ಳುವುದನ್ನು ಕಾದರೆ ತಡವಾಗುತ್ತದೆ. ಕತ್ತಲಿನ ನಡು ಹಿಡಿಯಬೇಕು. ನಮ್ಮ ಮೇಷ್ಟ್ರು ಮನಸ್ಸಿನಲ್ಲೇ ಎಣಿಸಿಕೊಳ್ಳಲು ಹೇಳಿಕೊಟ್ಟಿದ್ದರು. ಜೇವರ್ಗಿ ಎಣಿಸಿದ, ಆದರೆ ಹೆದರಿಕೆಯಲ್ಲಿ ಬೇಗ ಬೇಗ ಎಣಿಸಿದ. ಸ್ವಿಚ್ ಒತ್ತಿದ ಕೂಡಲೇ ಮಷಿನ್ ‘ಧಡ್’ ಅಂದಿತು, ನೆಲ ನಡುಗಿತು, ಮೀಟರಿನ ಮುಳ್ಳು ತುದಿಗೆ ಹೋಗಿ ಬಡಿಯಿತು. ಅಫಜಲಪುರ ಬಾಗಿಲಿನ ಹತ್ತಿರ ಇದ್ದ. ನಾನು ಬಾಗಿಲಿನ ಹೊರಗೆ ಇದ್ದೆ. ಮೇಷ್ಟ್ರು ಕೂತಲ್ಲಿಂದ ಏಳಲಿಲ್ಲ. “ಪಾಸಾದ ಮೇಲೆ ಯಾವ ಪವರ್ ಹೌಸಿಗೆ ಸೇರ್ತೀಯೋ ಮೊದ್ಲೇ ಹೇಳು, ಆ ಊರಿಗೆ ನಾನು ಹೋಗಲ್ಲ” ಅಂದರು. ಅವರು ಮೈಸೂರು ಕಡೆಯವರು, ನಮ್ಮ ಮಾತು ಅವರಿಗೆ ಹತ್ತಲೇ ಇಲ್ಲ. ಅಂದಿನಿಂದ ಜೇವರ್ಗಿಗೆ ‘ಧಡ್’ ಎಂಬ ಇನ್ನೊಂದು ಹೆಸರು ಬಿತ್ತು. ಆದರೆ ಊರಿನ ಹೆಸರನ್ನು ಅದು ಓಡಿಸಲಾಗಲಿಲ್ಲ.

ಆ ವರ್ಷದ ಎಳ್ಳಮಾವಾಸ್ಯೆಗೆ ಇಬ್ಬರನ್ನೂ ನಿಂಬರ್ಗಾಕ್ಕೆ ಕರಕೊಂಡು ಬಂದೆ. ನಮ್ಮ ಕಡೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿರುತ್ತದೆ, ತೊಗರಿ ಕಾಯಿ ಬಲಿತಿರುತ್ತದೆ. ಊರೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ನಡೆಯುತ್ತದೆ. ಚರಗ ಚೆಲ್ಲಿ ಬಂದ ಮೇಲೆ ಗಿಡದ ನೆರಳಿಗೆ ಕೂತು ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಭಜ್ಜಿ, ಶೇಂಗಾ ಹಿಂಡಿ, ಅಂಬಲಿ. ಎಲ್ಲ ತರಕಾರಿ, ಹಸಿ ಕಾಳು ಕೂಡಿಸಿ ಕುದಿಸಿದ ಆ ಭಜ್ಜಿಯನ್ನು ಅವ್ವ ಬಡಿಸುತ್ತಿದ್ದಳೇ ಹೊರತು ಸಾಕೋ ಬೇಕೋ ಕೇಳುತ್ತಿರಲಿಲ್ಲ. ಅಫಜಲಪುರ ಉಂಡು ಅಲ್ಲೇ ಅಡ್ಡಾದ. ಮುತ್ಯಾ ಬೀಡಿ ಹಚ್ಚಿಕೊಂಡು ಜೇವರ್ಗಿಯನ್ನು ವಿಚಾರಣೆಗೆ ತಗೊಂಡ.

“ಏನ್ ಓದ್ಲತ್ತೀರಿ ತಮ್ಮಾ?”

“ಕರೆಂಟ್ ಓದ್ಲತ್ತೀವಿ ಮುತ್ಯಾ.”

“ಕಣ್ಣಿಗಿ ಕಾಣ್ತದೇನು ಅದು?”

“ಇಲ್ಲ ಮುತ್ಯಾ.”

“ಕಾಣಲಾರ್ದದ್ದು ಹ್ಯಾಂಗ ಓದ್ತೀರಿ?”

“ಗಾಳಿ ಕಾಣ್ತದೇನು? ಅದನ್ನ ನಂಬ್ಕೊಂಡೇ ನೀವು ರಾಶಿ ತೂರಲ್ಲೇನು?”

ಮುತ್ಯಾ ಬೀಡಿ ಬಾಯಿಂದ ತೆಗೆದು ನನ್ನ ಕಡೆ ನೋಡಿ, “ಇಂವ ನಿಮ್ಮ ಪೈಕಿ ಶಾಣ್ಯಾ” ಅಂದ. ಲ್ಯಾಬಿನ ಸುದ್ದಿ ಮುತ್ಯಾನಿಗೆ ಹೇಳಬಾರದೆಂದು ನಾನು ಮೊದಲೇ ಮಾತು ಕೊಟ್ಟಿದ್ದೆ.

ಓದು ಮುಗಿದ ಮೇಲೆ ದಾರಿಗಳು ಕವಲಾದವು. ನಾನು ಅಪ್ಪನ ಬಸ್ಸಿನ ಭವಿಷ್ಯವಾಣಿಯಂತೆ ಕೆಇಬಿಗೆ ಸೇರಿದೆ. ಅದು 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ನಮ್ಮ ಪಾಲಿಗೆ ಜೆಸ್ಕಾಂ ಆಯಿತು. ಬೋರ್ಡು ಬದಲಾದರೂ ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸುವ ಕೆಲಸ ಬದಲಾಗಲಿಲ್ಲ. ಜೇವರ್ಗಿ ರಾಯಚೂರಿನ ಶಕ್ತಿನಗರಕ್ಕೆ ಹೋದ. ಕೃಷ್ಣಾ ದಂಡೆಯ ಆ ಉಷ್ಣ ಸ್ಥಾವರ ರಾಜ್ಯಕ್ಕೆ ಮೊದಲನೆಯದು, ಅದರ ಮೊದಲ 210 ಮೆಗಾವ್ಯಾಟ್ ಘಟಕ ಕೆಲಸ ಶುರು ಮಾಡಿದ್ದು 1985ರಲ್ಲಿ, ನಾವಿನ್ನೂ ತೆರಾಜಾ ಹಂಚಿಕೊಳ್ಳುತ್ತಿದ್ದಾಗ. ಮುಂದೆ ಒಂದೊಂದಾಗಿ ಎಂಟು ಘಟಕಗಳಾಗಿ 1,720 ಮೆಗಾವ್ಯಾಟಿಗೆ ಮುಟ್ಟಿತು. ಮಳೆ ಕೈಕೊಟ್ಟ ವರ್ಷ ಶರಾವತಿ ಸೊರಗಿದರೆ ರಾಜ್ಯ ಕಣ್ಣು ನೆಟ್ಟದ್ದು ಶಕ್ತಿನಗರದ ಚಿಮಣಿಗಳ ಮೇಲೆ. ಮಲೆನಾಡಿನಿಂದ ತೆವಳಿ ಬರುತ್ತಿದ್ದ ವಿದ್ಯುತ್ತು ನಮ್ಮ ಸೀಮೆಯಲ್ಲೇ ಹುಟ್ಟತೊಡಗಿದಾಗ ಬಾಲದ ತುದಿಯವರ ದೆಸೆ ಒಂದಿಷ್ಟು ತಿರುಗಿತು.

ಅಲ್ಲಿ ಜೇವರ್ಗಿಯ ಕೆಲಸ ಏನಿತ್ತೆಂದು ಓದುಗರು ಊಹಿಸಿರಬೇಕು. ಮೊದಲ ಸಲ ಒಂದು ಘಟಕವನ್ನು ಗ್ರಿಡ್ಡಿಗೆ ಕೂಡಿಸುವ ಸರದಿ ತನಗೆ ಬಂದ ದಿನದ ಬಗ್ಗೆ ಅವನು ಬರೆದ ಇನ್‌ಲ್ಯಾಂಡ್ ಪತ್ರ ನನ್ನ ಹತ್ತಿರ ಇದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಮಷಿನ್. ಹುಟ್ಟುವ ವೋಲ್ಟೇಜೇ 15.75 ಸಾವಿರ, ಅದನ್ನು 220 ಸಾವಿರಕ್ಕೆ ಏರಿಸಿ ಹೊರಗೆ ಕಳಿಸಬೇಕು. ಬಲ್ಬಿನ ಬದಲು ಸಿಂಕ್ರೊಸ್ಕೋಪ್ ಎಂಬ ಗಡಿಯಾರದಂಥ ಮೀಟರು. ಅದರ ಮುಳ್ಳು ಬಲಕ್ಕೆ ನಿಧಾನವಾಗಿ ತಿರುಗುತ್ತ ಹನ್ನೆರಡರ ಹತ್ತಿರ ಬರುವಾಗ, ಇನ್ನೂ ತುಸು ದೂರ ಇರುವಂತೆಯೇ ಒತ್ತಬೇಕು, ಬ್ರೇಕರ್ ಕೂಡಲು ಬೇಕಾಗುವ ಕ್ಷಣವನ್ನೂ ಲೆಕ್ಕ ಹಿಡಿದು. ಪತ್ರದ ಕೊನೆಗೆ ಒಂದೇ ಸಾಲು: “ಈ ಸಲ ಧಡ್ ಅನ್ನಲಿಲ್ಲ, ಮುತ್ಯಾಗ ಹೇಳು.” ಮುತ್ಯಾ ಆಗಿನ್ನೂ ಇದ್ದ. ಹೇಳಿದೆ. ಅರ್ಥವಾಗದಿದ್ದರೂ “ಶಾಣ್ಯಾ ಅಂತ ನಾ ಅಂದೇ ಅಂದಿದ್ದೆ” ಅಂದ.

ಅಫಜಲಪುರನಿಗೂ ಸರ್ಕಾರಿ ನೌಕರಿಯ ಆದೇಶ ಬಂದಿತ್ತು. ಅದೇ ಹೊತ್ತಿಗೆ ಅವನ ತಂದೆ ಹಾಸಿಗೆ ಹಿಡಿದರು. ಭೀಮಾ ದಂಡೆಯ ಹೊಲ, ಕಬ್ಬು, ಇಬ್ಬರು ತಂಗಿಯರು. ಅವನು ಊರಿಗೆ ಮರಳಿ ಮೋಟರ್ ವೈಂಡಿಂಗ್ ಅಂಗಡಿ ಹಾಕಿದ. ಬಿಇ ಓದಿ ವೈಂಡಿಂಗ್ ಅಂಗಡಿಯೇ ಎಂದು ಬಂಧುಗಳು ಬಹಳ ದಿನ ಆಡಿಕೊಂಡರು. ನನಗೂ ಸ್ವಲ್ಪ ಹಾಗೆಯೇ ಅನ್ನಿಸಿದ್ದುಂಟು; ಆದರೆ ಅವನ ಅಂಗಡಿಗೆ ಹೋಗಿ ಒಂದು ಮಧ್ಯಾಹ್ನ ಕೂತ ಮೇಲೆ ಅಭಿಪ್ರಾಯ ತಿರುಗಿತು. ರೈತ ಸುಟ್ಟ ಮೋಟರ್ ತಂದರೆ ಅದನ್ನು ಕಟ್ಟಿ ಕೊಟ್ಟು ದುಡ್ಡು ಎಣಿಸಿಕೊಳ್ಳುವುದು ಸುಲಭ. ಇವನು ಹಾಗೆ ಮಾಡುತ್ತಿರಲಿಲ್ಲ. ಬಾಯಿಲೆಕ್ಕ ಹೇಳುತ್ತಿದ್ದ: ವೋಲ್ಟೇಜು ನೂರರಿಂದ ಎಪ್ಪತ್ತಕ್ಕೆ ಇಳಿದರೆ ಮೋಟರಿನ ತಿರುಗುವ ಬಲ ಎಪ್ಪತ್ತಾಗಿ ಉಳಿಯುವುದಿಲ್ಲ, ನಲವತ್ತೊಂಬತ್ತಕ್ಕೆ ಬೀಳುತ್ತದೆ. ನೀರೆತ್ತುವ ಭಾರ ಮಾತ್ರ ಹಾಗೇ ಇರುತ್ತದೆ, ಆಗ ಮೋಟರು ಹೆಚ್ಚು ಕರೆಂಟು ಎಳೆದು ಸುಡುತ್ತದೆ. “ಮೋಟರ್ ಕೆಟ್ಟಿಲ್ಲ ಗೌಡ್ರೆ, ಕಪಾಸಿಟರ್ ಹಾಕ್ಸ್ರಿ. ಎಲ್ಲಾರೂ ಒಮ್ಮೆಲೆ ಚಾಲೂ ಮಾಡಬ್ಯಾಡ್ರಿ, ಪಾಳಿ ಹಚ್ಚ್ರಿ” ಎಂದು ಹಳ್ಳಿ ಹಳ್ಳಿಗೆ ಹೋಗಿ ಹೇಳಿದ. ತನ್ನ ಧಂದೆಗೆ ತಾನೇ ಕೊಡಲಿ ಹಾಕಿಕೊಂಡ. ಹಾಗಿದ್ದೂ ಅಂಗಡಿ ದೊಡ್ಡದಾಯಿತು, ಏಕೆಂದರೆ ಜನ ಮೋಟರ್ ಸುಡುವ ಮೊದಲೇ ಅವನ ಹತ್ತಿರ ಬರಲು ಕಲಿತರು. ಮುಂದೆ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆ ಮಾಡುವ ಕೆಲಸಕ್ಕೆ ನಾನು ಓಡಾಡುವಾಗ, ಯಾವ ಹಳ್ಳಿಯಲ್ಲಿ ಎಷ್ಟು ಪಂಪು ಯಾವ ಹೊತ್ತಿಗೆ ಓಡುತ್ತವೆಂಬುದು ನಮ್ಮ ಕಡತಕ್ಕಿಂತ ಅವನ ವಹಿಯಲ್ಲಿ ಸರಿಯಾಗಿತ್ತು. ಅಂಗಡಿಯ ಗೋಡೆಯ ಮೇಲೆ ಆಳಂದದ ಕಾಕಾ ಅವರ ಫೋಟೋ, ಅದರ ಪಕ್ಕದಲ್ಲಿ ಗಾಣಗಾಪುರದ ದತ್ತನದು. ಡಿಗ್ರಿ ಸರ್ಟಿಫಿಕೇಟು ಎಲ್ಲೂ ಕಾಣಲಿಲ್ಲ.

ಸಾಧಕರ ಮಾತು ಬಂದಾಗಲೆಲ್ಲ ನನಗೆ ಈ ಇಬ್ಬರು ಗೆಳೆಯರ ನೆನಪಾಗುವುದರಿಂದ, ಪತ್ರಿಕೆಗಳಲ್ಲಿ ಬರುವ ಪಟ್ಟಿ ಓದುವಾಗ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಲೆಕ್ಟ್ರಿಕಲ್ ಓದಿ ಹೆಸರಾದವರು ಸಣ್ಣಪುಟ್ಟವರಲ್ಲ. ನಾರಾಯಣ ಮೂರ್ತಿಯವರು ಐಐಟಿ ಪರೀಕ್ಷೆ ಪಾಸಾಗಿಯೂ ಮನೆಯ ಪರಿಸ್ಥಿತಿಯಿಂದ ಹೋಗಲಾಗದೆ, ಮೈಸೂರಿನ ಎನ್‌ಐಇಯಲ್ಲಿ ಓದಿ 1967ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಲೆಕ್ಟ್ರಿಕಲ್ ಪದವಿ ಪಡೆದವರು. ಬೆಂಗಳೂರಿನ ಯುವಿಸಿಇಯಲ್ಲಿ 1961ರಲ್ಲಿ ಎಲೆಕ್ಟ್ರಿಕಲ್ ಮುಗಿಸಿದ ವಿ. ಕೆ. ಆತ್ರೆಯವರು ನೀರಿನ ಆಳದಲ್ಲಿ ಶಬ್ದದಿಂದಲೇ ನೋಡುವ ಸೋನಾರ್ ವಿದ್ಯೆಯಲ್ಲಿ ದೇಶಕ್ಕೆ ದಾರಿ ಮಾಡಿ, ಡಿಆರ್‌ಡಿಒ ಮುಖ್ಯಸ್ಥರಾದರು, 2016ರಲ್ಲಿ ಪದ್ಮವಿಭೂಷಣ ಬಂತು. ಇನ್ನು ಸತ್ಯ ನಾದೆಲ್ಲಾ. ಮಣಿಪಾಲದ ಎಂಐಟಿ ಆಗ ಮಂಗಳೂರು ವಿಶ್ವವಿದ್ಯಾಲಯದ ಕೆಳಗಿತ್ತು. 1988ರಲ್ಲಿ ಅವರು ಪಡೆದ ಎಲೆಕ್ಟ್ರಿಕಲ್ ಪದವಿ ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯದ ಜತೆಹುಟ್ಟಿನದು. ನಮಗಿಂತ ಎರಡು ವರ್ಷ ಕಿರಿಯರು. ಹೈದರಾಬಾದಿನ ಹುಡುಗನಿಗೆ ಮಣಿಪಾಲಕ್ಕಿಂತ ಕಲಬುರಗಿಯೇ ಹತ್ತಿರವಲ್ಲವೇ, ದಾರಿ ತಪ್ಪಿ ನಮ್ಮ ಹಾಸ್ಟೆಲಿಗೆ ಬಂದಿದ್ದರೆ ಏನೆಂದು ಕರೆಯುತ್ತಿದ್ದೆವು ಎಂದು ನಾವು ಮೂವರೂ ಒಮ್ಮೆ ಚರ್ಚೆ ಮಾಡಿದ್ದೇವೆ. ‘ಹೈದರಾಬಾದ್’ ಉದ್ದವಾಯಿತು, ‘ಚಾರ್ಮಿನಾರ್’ ಎಂದು ತೀರ್ಮಾನವಾಯಿತು.

ವಿಚಿತ್ರವೆಂದೆನಲ್ಲ, ಅದು ಇದು: ಇವರಲ್ಲಿ ಯಾರೂ ಕಂಬ, ತಂತಿ, ಪವರ್ ಹೌಸಿನ ಕಡೆ ಉಳಿದವರಲ್ಲ. ಕಂಪ್ಯೂಟರಿಗೆ ಹೋದರು, ರಕ್ಷಣೆಗೆ ಹೋದರು, ಉದ್ಯಮಕ್ಕೆ ಹೋದರು. ಅವರ ಸಾಧನೆ ದೊಡ್ಡದು, ತಕರಾರಿಲ್ಲ. ಎಲೆಕ್ಟ್ರಿಕಲ್ ಓದಿದವನ ತಲೆ ಎಲ್ಲಿ ಬೇಕಾದರೂ ಓಡುತ್ತದೆಂದು ನಮಗೂ ಹೆಮ್ಮೆ. ಆದರೆ ಎಲೆಕ್ಟ್ರಿಕಲ್ ಓದಿ ಎಲೆಕ್ಟ್ರಿಕಲ್ಲೇ ಮಾಡಿದವರ ಹೆಸರು ಹೇಳಿ ಎಂದರೆ ಪಟ್ಟಿ ಮಾಡುವವರು ತಡವರಿಸುತ್ತಾರೆ. ದೀಪ ಹತ್ತಿದಾಗ ಯಾರೂ ಕೇಳುವುದಿಲ್ಲ, ಆರಿದಾಗ ಮಾತ್ರ ಎಲ್ಲರಿಗೂ ನಮ್ಮ ಫೋನ್ ನಂಬರು ಗೊತ್ತಿರುತ್ತದೆ. ಇದು ಗೊಣಗಾಟದಂತೆ ಕೇಳಿಸಿದರೆ ಕೇಳಿಸಲಿ. ಇಷ್ಟು ವರ್ಷ ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿದವನಿಗೆ ಅಷ್ಟು ಹಕ್ಕಿದೆ.

2013ರ ಡಿಸೆಂಬರ್ 31ರ ರಾತ್ರಿ ಜೇವರ್ಗಿಯ ಫೋನ್ ಬಂತು. ಹೊಸ ವರ್ಷದ ಶುಭಾಶಯವಿರಬೇಕೆಂದು ಎತ್ತಿದೆ. ಅವನ ದನಿ ನಡುಗುತ್ತಿತ್ತು. “ಕೂಡ್ತು ನಿಂಬರ್ಗಾ, ಕೂಡ್ತು!” ನಮ್ಮ ದಕ್ಷಿಣದ ರಾಜ್ಯಗಳ ಗ್ರಿಡ್ಡು ಅಲ್ಲಿಯ ತನಕ ದೇಶದ ಉಳಿದ ಗ್ರಿಡ್ಡಿನ ಜತೆ ಒಂದೇ ತಾಳಕ್ಕೆ ಕೂಡಿರಲಿಲ್ಲ. ಅಲ್ಲಿಂದ ವಿದ್ಯುತ್ತು ಬರುತ್ತಿತ್ತು, ಆದರೆ ಎಸಿಯನ್ನು ಡಿಸಿ ಮಾಡಿ, ಮತ್ತೆ ಎಸಿ ಮಾಡಿ, ಎರಡು ಕಡೆಯ ಅಲೆ ಒಂದಕ್ಕೊಂದು ತಾಗದಂತೆ. ಆ ರಾತ್ರಿ ರಾಯಚೂರು–ಸೋಲಾಪುರ ನಡುವಿನ 765 ಸಾವಿರ ವೋಲ್ಟಿನ ಲೈನು ಎರಡನ್ನೂ ನೇರ ಬೆಸೆಯಿತು. ಕಾಶ್ಮೀರದಿಂದ ಕನ್ಯಾಕುಮಾರಿಯ ತನಕ ಒಂದೇ ಫ್ರೀಕ್ವೆನ್ಸಿ. ಈ ಬೆಸುಗೆ ಬಿದ್ದದ್ದು ದಿಲ್ಲಿಯಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ, ನಮ್ಮ ಕೃಷ್ಣಾ–ಭೀಮಾ ಸೀಮೆಯ ಮೇಲೆ ಹಾದುಹೋದ ತಂತಿಯಲ್ಲಿ. ಸಂಜೆ ಏಳಾದರೆ ಬಲ್ಬು ಕೆಂಪಗಾಗುತ್ತಿದ್ದ ಸೀಮೆಯಲ್ಲಿ. ಆ ಕೆಲಸದಲ್ಲಿ ಜೇವರ್ಗಿಯ ಕೈ ಇರಲಿಲ್ಲ, ಅದು ಬೇರೆ ಸಂಸ್ಥೆಯದು. ಶಕ್ತಿನಗರದ ಕಂಟ್ರೋಲ್ ರೂಮಿನಲ್ಲಿ ಫ್ರೀಕ್ವೆನ್ಸಿ ಮೀಟರ್ ನೋಡುತ್ತ ನಿಂತಿದ್ದ, ಅಷ್ಟೇ. “ಧಡ್ ಅಂತೇನು?” ಕೇಳಿದೆ. “ಮುಳ್ಳು ಅಲ್ಲಾಡ್ಲಿಲ್ಲಪಾ,” ಅಂದ, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಅದಾಗಿ ಸರಿಯಾಗಿ ಐದು ವಾರಕ್ಕೆ, 2014ರ ಫೆಬ್ರುವರಿ 4ರಂದು, ಸತ್ಯ ನಾದೆಲ್ಲಾ ಮೈಕ್ರೋಸಾಫ್ಟಿನ ಮುಖ್ಯಸ್ಥರಾದರು. ಆ ಸುದ್ದಿ ಮುಖಪುಟ ತುಂಬಿತು, ತುಂಬಬೇಕಾದದ್ದೇ. ಮೊದಲ ಸುದ್ದಿ ನನಗೆ ಸಿಕ್ಕಿದ್ದು ಒಳಪುಟದ ಮೂಲೆಯಲ್ಲಿ. ಎರಡನ್ನೂ ಕತ್ತರಿಸಿ ತೆರಾಜಾದ ನನ್ನ ಪಾಲಿನೊಳಗೆ ಇಟ್ಟೆ.

ಈಗ ಮೂವರೂ ಕೆಲಸದಿಂದ ಇಳಿದಿದ್ದೇವೆ, ಅಂದರೆ ಇಬ್ಬರು. ಅಫಜಲಪುರನ ಅಂಗಡಿಗೆ ನಿವೃತ್ತಿ ಇಲ್ಲ. ಹೋದ ಎಳ್ಳಮಾವಾಸ್ಯೆಗೆ ನಿಂಬರ್ಗಾದ ಹೊಲದಲ್ಲಿ ಮತ್ತೆ ಕೂಡಿದೆವು. ಬಡಿಸಿದವಳು ನನ್ನ ಸೊಸೆ. ಸಾಕೋ ಬೇಕೋ ಕೇಳುವ ಒಳ್ಳೆಯ ಪದ್ಧತಿ ಅವಳಿಗಿದೆ. ಜೇವರ್ಗಿ ಕಲಬುರಗಿಯ ತನ್ನ ಮನೆಯ ಮಾಳಿಗೆಗೆ ಸೋಲಾರ್ ಹಾಕಿಸಿದ್ದಾನೆ, ಗ್ರಿಡ್ಡಿಗೆ ಕೂಡುವಂಥದ್ದು. ಗೋಡೆಯ ಮೇಲೆ ಒಂದು ಪೆಟ್ಟಿಗೆ. ಬೆಳಗಾಗುತ್ತಿದ್ದಂತೆ ಅದು ತಾನೇ ಲೈನಿನ ಅಲೆ ನೋಡಿಕೊಂಡು, ತಾನೇ ಲೆಕ್ಕ ಹಾಕಿ, ತಾನೇ ಕೂಡಿಕೊಳ್ಳುತ್ತದೆ. ಇವನು ದಿನಾ ಚಹಾ ಹಿಡಿದು ಅದರ ಎದುರು ನಿಲ್ಲುತ್ತಾನಂತೆ.

“ಬಲ್ಬೂ ಬೇಕಿಲ್ಲ, ಎಣಸೋದೂ ಬೇಕಿಲ್ಲ. ನಾ ನಿಂತಿದ್ದೂ ಅದಕ್ಕ ಗೊತ್ತಿಲ್ಲ,” ಅಂದ.

ಅಫಜಲಪುರ ಕಡುಬು ಮುರಿಯುತ್ತ, “ಅದಿರ್ಲಿ. ಗೃಹಜ್ಯೋತಿಯಾಗ ಇನ್ನೂರು ಯೂನಿಟ್ ತನಕ ಬಿಲ್ಲೇ ಬರಲ್ಲ. ನೀವು ಗಂಡ ಹೆಂಡ್ತಿ ಇಬ್ಬರೇ ಇರೋ ಮನಿಗಿ ಸೋಲಾರ್ ಯಾಕ ಹಾಕ್ಸಿದಿ ಹೇಳು,” ಅಂದ.

ಜೇವರ್ಗಿಯ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಇನ್ನೊಂದು ರೊಟ್ಟಿ ಕೇಳಿದ.